ದಯೆ ಯಾರ ಖರ್ಚಿನಲ್ಲಿ?

ಮೂರು ತಿಂಗಳ ಹಿಂದೆ ಒಂದು ಭಾನುವಾರ, ಊಟ ಮುಗಿಸಿ ಅಡ್ಡಾಗಿದ್ದಾಗ ಊರಿನಿಂದ ಅಕ್ಕನ ಫೋನು ಬಂತು. ದನಿಯಲ್ಲಿ ಗಾಬರಿಯಿತ್ತು. "ಲಂಡನ್ನಿನಲ್ಲಿ ನಮ್ಮ ಹುಡುಗನಿಗೆ ಕೋರ್ಟಿನಿಂದ ಕಾಗದ ಬಂದಿದೆಯಂತೆ. ಹೋಗದಿದ್ದರೆ ದಂಡ ಅಂತೆ. ಏನು ಮಾಡಿಕೊಂಡಿದ್ದಾನೋ, ನಮ್ಮ ಹತ್ತಿರ ಸರಿಯಾಗಿ ಹೇಳುವುದಿಲ್ಲ. ನೀನೊಮ್ಮೆ ಕೇಳು ಮಾರಾಯ."

ನಮ್ಮ ಕಡೆ ಕೋರ್ಟಿನ ಕಾಗದ ಎಂದರೆ ಜಾಗದ ತಕರಾರು, ಇಲ್ಲವೇ ಅದಕ್ಕಿಂತ ಕೆಟ್ಟದ್ದು. ಅಕ್ಕನ ಗಾಬರಿಯಲ್ಲಿ ತಪ್ಪಿರಲಿಲ್ಲ. ಸಂಜೆ ಅಳಿಯನಿಗೆ ಫೋನು ಮಾಡಿದೆ. ಅವನು ನಕ್ಕುಬಿಟ್ಟ. "ಮಾವ, ನಾನು ಆರೋಪಿ ಅಲ್ಲ. ಜ್ಯೂರಿ. ಎರಡು ವಾರ ಕೋರ್ಟಿಗೆ ಹೋಗಿ ಕೂರಬೇಕು. ಯಾರೋ ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ಹನ್ನೆರಡು ಜನ ಸೇರಿ ಹೇಳಬೇಕು."

ಅವನ ಕೈಯಲ್ಲಿರುವುದು ಈಗಲೂ ಭಾರತದ ಪಾಸ್‌ಪೋರ್ಟು. ಹಾಗಿದ್ದೂ ಅವನನ್ನು ಯಾಕೆ ಕರೆದರು ಎಂದು ನನಗೆ ಆಶ್ಚರ್ಯವಾಯಿತು. ಆಮೇಲೆ ಗೊತ್ತಾಯಿತು: ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತ ಹಾಕುವ ಹಕ್ಕಿದೆ. ಇಂಗ್ಲೆಂಡಿನಲ್ಲಿ ಮತದಾರರ ಪಟ್ಟಿಯಲ್ಲಿ ಹೆಸರಿದ್ದು, 18ರಿಂದ 75ರ ಒಳಗಿನ ವಯಸ್ಸಾಗಿದ್ದು, ಐದು ವರ್ಷ ಆ ದೇಶದಲ್ಲಿ ವಾಸವಿದ್ದವರನ್ನು ಜ್ಯೂರಿಗೆ ಕರೆಯಬಹುದು. ಅಂದರೆ ಭಾರತದಲ್ಲಿ ಅರ್ಧ ಶತಮಾನದಿಂದ ಯಾವ ಭಾರತೀಯನಿಗೂ ಸಿಗದ ಜವಾಬ್ದಾರಿ, ಲಂಡನ್ನಿನಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮ ಹುಡುಗನಿಗೆ ಅಂಚೆಯಲ್ಲಿ ಬಂದಿತ್ತು.

ಅಕ್ಕನನ್ನು ಸಮಾಧಾನ ಮಾಡುವುದು ಸುಲಭವಾಯಿತು. ಅಳಿಯನ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಲಿಲ್ಲ. ಅವನು ಕೇಳಿದ್ದು ಇದು: "ಮಾವ, ಕಾನೂನಿನ ಪ್ರಕಾರ ಆ ಮನುಷ್ಯ ತಪ್ಪಿತಸ್ಥ ಅಂತ ನನಗೆ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಆ ಕಾನೂನೇ ಸರಿಯಿಲ್ಲ, ಇವನಿಗೆ ಶಿಕ್ಷೆಯಾದರೆ ಅನ್ಯಾಯ ಅಂತ ಮನಸ್ಸು ಹೇಳುತ್ತದೆ. ಆಗ ಏನು ಮಾಡುವುದು?"

"ಮನಸ್ಸಿಗೆ ಸರಿ ಕಂಡದ್ದನ್ನು ಮಾಡು" ಎಂದೆ. ಹಿರಿಯರಾದವರು ಥಟ್ಟನೆ ಏನಾದರೂ ಹೇಳಬೇಕಲ್ಲ. ಫೋನಿಟ್ಟ ಮೇಲೆ ಆ ಉತ್ತರ ನನಗೇ ಇರುಸುಮುರುಸಾಗತೊಡಗಿತು. ಈ ತಿಂಗಳ ಅಂಕಣ ಆ ಇರುಸುಮುರುಸಿನದು.

ಅಳಿಯ ಕೇಳಿದ ವಿಷಯಕ್ಕೆ ಇಂಗ್ಲಿಷಿನಲ್ಲಿ ಜ್ಯೂರಿ ನಲ್ಲಿಫಿಕೇಶನ್ ಎನ್ನುತ್ತಾರೆ. ಸಾಕ್ಷ್ಯವೆಲ್ಲ ಆರೋಪಿಯ ವಿರುದ್ಧವಿದ್ದರೂ, ಕಾನೂನನ್ನು ಬದಿಗಿಟ್ಟು 'ನಿರ್ದೋಷಿ' ಎಂದು ಜ್ಯೂರಿ ಹೇಳಿಬಿಡುವುದು. ಯಾವ ಕಾನೂನಿನ ಪುಸ್ತಕವೂ ಈ ಅಧಿಕಾರವನ್ನು ಜ್ಯೂರಿಯ ಕೈಗೆ ಹೀಗೆಂದು ಬರೆದು ಕೊಟ್ಟಿಲ್ಲ. ಮೂರು ನಿಯಮಗಳು ಒಂದೆಡೆ ಸೇರಿದಾಗ ಅದು ತಾನಾಗಿ ಹುಟ್ಟುತ್ತದೆ. ಜ್ಯೂರಿ ತನ್ನ ತೀರ್ಮಾನಕ್ಕೆ ಕಾರಣ ಹೇಳಬೇಕಾಗಿಲ್ಲ. ತೀರ್ಮಾನಕ್ಕಾಗಿ ಅವರನ್ನು ಯಾರೂ ಶಿಕ್ಷಿಸುವಂತಿಲ್ಲ. ನಿರ್ದೋಷಿ ಎಂದ ಮೇಲೆ ಸರಕಾರ ಆ ತೀರ್ಪಿನ ಮೇಲೆ ಮೇಲ್ಮನವಿ ಹೋಗುವಂತಿಲ್ಲ. ಈ ಮೂರರಲ್ಲಿ ಒಂದು ತಪ್ಪಿದರೂ ಆ ಶಕ್ತಿ ಇಲ್ಲವಾಗುತ್ತದೆ.

ಇವುಗಳಲ್ಲಿ ಎರಡನೆಯ ನಿಯಮ ಸುಮ್ಮನೆ ಬಂದದ್ದಲ್ಲ. 1670ರಲ್ಲಿ ಲಂಡನ್ನಿನ ಗ್ರೇಸ್‌ಚರ್ಚ್ ಬೀದಿಯಲ್ಲಿ ವಿಲಿಯಂ ಪೆನ್ ಎಂಬ 25ರ ಯುವಕ ಕ್ವೇಕರ್ ಪಂಥದ ಉಪದೇಶ ಮಾಡಿದ. ಅವನ ಮೇಲೂ ಜೊತೆಗಾರ ವಿಲಿಯಂ ಮೀಡ್ ಮೇಲೂ ಅಕ್ರಮ ಕೂಟ ಸೇರಿಸಿದ ಆರೋಪ ಹೊರಿಸಿದರು. ಓಲ್ಡ್ ಬೇಲಿ ನ್ಯಾಯಾಲಯದ ಜ್ಯೂರಿ, ಪೆನ್ ಬೀದಿಯಲ್ಲಿ ಮಾತಾಡಿದ್ದು ನಿಜ ಎಂದಿತು. ಅದು ಅಕ್ರಮ ಕೂಟ ಎಂದು ಮಾತ್ರ ಹೇಳಲಿಲ್ಲ. ನ್ಯಾಯಪೀಠಕ್ಕೆ ಸಿಟ್ಟು ಬಂತು. ಅನ್ನ, ನೀರು, ಬೆಂಕಿ ಯಾವುದೂ ಇಲ್ಲದೆ ಎರಡು ರಾತ್ರಿ ಅವರನ್ನು ಕೂಡಿಹಾಕಿದರು. ಹೊರಗೆ ಬಂದಾಗ ಅವರು ಹೇಳಿದ್ದು 'ನಿರ್ದೋಷಿ'. ಆಗ ಒಬ್ಬೊಬ್ಬರಿಗೂ 40 ಮಾರ್ಕ್ ದಂಡ ಬಿತ್ತು. ಎಡ್ವರ್ಡ್ ಬುಶೆಲ್ ಎಂಬವನೂ ಅವನ ಜೊತೆಗೆ ಕೆಲವರೂ ದಂಡ ಕಟ್ಟುವುದಿಲ್ಲವೆಂದು ಜೈಲಿಗೆ ಹೋದರು. ಕೊನೆಗೆ ಮುಖ್ಯ ನ್ಯಾಯಾಧೀಶ ವಾನ್, ಜ್ಯೂರಿಯನ್ನು ಅದರ ತೀರ್ಮಾನಕ್ಕಾಗಿ ಶಿಕ್ಷಿಸುವಂತಿಲ್ಲ ಎಂದು ಅವರನ್ನು ಬಿಡಿಸಿದರು. ಅದೇ ಪೆನ್ ಮುಂದೆ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾ ಸ್ಥಾಪಿಸಿದ. ಆ ಜ್ಯೂರಿಗಳ ನೆನಪಿಗೆ ಓಲ್ಡ್ ಬೇಲಿಯಲ್ಲಿ ಈಗಲೂ ಒಂದು ಫಲಕವಿದೆ.

ಇಂಥ ಕತೆಗಳು ಇನ್ನೂ ಇವೆ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮನೆಯೊಳಗಿಂದ 40 ಶಿಲ್ಲಿಂಗ್ ಬೆಲೆಯ ವಸ್ತು ಕದ್ದರೆ ಗಲ್ಲು. ಕದ್ದವಳು ಹೊಟ್ಟೆಗಿಲ್ಲದ ಕೆಲಸದವಳಾಗಿದ್ದರೆ ಜ್ಯೂರಿ ಏನು ಮಾಡುತ್ತಿತ್ತು? ಕದ್ದದ್ದು ಹೌದು, ಆದರೆ ಮಾಲಿನ ಬೆಲೆ 39 ಶಿಲ್ಲಿಂಗ್ ಎಂದು ಬರೆಯುತ್ತಿತ್ತು. ಅದು ಸುಳ್ಳೆಂದು ಎಲ್ಲರಿಗೂ ಗೊತ್ತು. ಆ ಒಂದು ಶಿಲ್ಲಿಂಗಿನಿಂದ ಒಂದು ಜೀವ ಉಳಿಯುತ್ತಿತ್ತು. 1735ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಪೀಟರ್ ಜೆಂಗರ್ ಎಂಬ ಮುದ್ರಕ ಗವರ್ನರನನ್ನು ಟೀಕಿಸುವ ಬರಹ ಅಚ್ಚುಹಾಕಿದ. ಬರೆದದ್ದು ನಿಜ ಎಂದು ತೋರಿಸಿದರೂ ಅಂದಿನ ಕಾನೂನಿನಲ್ಲಿ ಬಿಡುಗಡೆಯಿರಲಿಲ್ಲ. ಜ್ಯೂರಿ ಬಿಟ್ಟುಬಿಟ್ಟಿತು. ತಪ್ಪಿಸಿಕೊಂಡ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕೆಂಬ ಕಾನೂನು ಅಮೆರಿಕದಲ್ಲಿ 1850ರಲ್ಲಿ ಬಂತು. ಮರುವರ್ಷವೇ ಬಾಸ್ಟನ್ನಿನ ಕೋರ್ಟಿಗೆ ಜನ ನುಗ್ಗಿ ಶಾಡ್ರಾಕ್ ಮಿಂಕಿನ್ಸ್ ಎಂಬವನನ್ನು ಬಿಡಿಸಿಕೊಂಡು ಹೋದರು. ಅದಕ್ಕಾಗಿ ವಿಚಾರಣೆಗೆ ನಿಂತವರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಇಷ್ಟು ಓದಿದ ಮೇಲೆ, ಅಳಿಯನಿಗೆ ನಾನು ಹೇಳಿದ್ದು ಸರಿಯೇ ಇತ್ತಲ್ಲ ಎಂದು ಎದೆಯುಬ್ಬಿಸಿಕೊಂಡೆ. ಮುಂದಿನ ಪುಟ ತಿರುಗಿಸಿದಾಗ 1955ರ ಮಿಸಿಸಿಪಿ ಎದುರಾಯಿತು.

ಎಮೆಟ್ ಟಿಲ್ 14 ವರ್ಷದ ಕರಿಯ ಹುಡುಗ. ಷಿಕಾಗೋದಿಂದ ರಜೆಗೆಂದು ನೆಂಟರ ಮನೆಗೆ ಬಂದಿದ್ದ. ಬಿಳಿಯ ಹೆಂಗಸಿನ ಜೊತೆ ಸಲುಗೆಯಿಂದ ನಡೆದುಕೊಂಡ ಎಂಬ ಮಾತಿನ ಮೇಲೆ ರಾತ್ರಿ ಅವನನ್ನು ಎಳೆದೊಯ್ದು ಕೊಂದು ನದಿಗೆ ಎಸೆದರು. ಆರೋಪಿಗಳು ರಾಯ್ ಬ್ರಯಂಟ್ ಮತ್ತು ಜೆ. ಡಬ್ಲ್ಯು. ಮೈಲಮ್. ಜ್ಯೂರಿಯಲ್ಲಿದ್ದ ಹನ್ನೆರಡೂ ಮಂದಿ ಬಿಳಿಯರು, ಎಲ್ಲರೂ ಗಂಡಸರು. 'ನಿರ್ದೋಷಿ' ಎನ್ನಲು ಅವರಿಗೆ ಒಂದು ಗಂಟೆ ಏಳು ನಿಮಿಷ ಸಾಕಾಯಿತು. ಕೆಲವೇ ತಿಂಗಳಲ್ಲಿ ಅವರಿಬ್ಬರೂ ಒಂದು ಪತ್ರಿಕೆಯಿಂದ ಹಣ ಪಡೆದು, ಕೊಂದದ್ದು ತಾವೇ ಎಂದು ಹೇಳಿಕೊಂಡರು. ಒಮ್ಮೆ ಬಿಡುಗಡೆಯಾದವರನ್ನು ಮತ್ತೆ ವಿಚಾರಿಸುವಂತಿರಲಿಲ್ಲ.

ಪೆನ್‌ನನ್ನು ಉಳಿಸಿದ್ದೂ ಅದೇ ಶಕ್ತಿ, ಟಿಲ್‌ನ ಕೊಲೆಗಾರರನ್ನು ಉಳಿಸಿದ್ದೂ ಅದೇ. ಎರಡು ಕಡೆಯೂ ಜ್ಯೂರಿ ತನ್ನ ಮನಸ್ಸಿಗೆ ಸರಿ ಕಂಡದ್ದನ್ನೇ ಮಾಡಿತ್ತು.

ಇನ್ನು ನಮ್ಮ ಮುಂಬಯಿಗೆ ಬರೋಣ. ಈ ಊರಿನಲ್ಲಿ ಜ್ಯೂರಿ ಎಂದ ಕೂಡಲೇ ನೆನಪಾಗುವ ಹೆಸರು ಒಂದೇ: ನಾನಾವತಿ.

ಆ ಕತೆಯನ್ನು ನಾನು ಮೊದಲು ಕೇಳಿದ್ದು ದೊಡ್ಡಪ್ಪನ ಬಾಯಿಂದ. ಹಗಲು ಫೋರ್ಟಿನ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಮೆಟ್ರಿಕ್ ಮಾಡಿ, ಕೊನೆಗೆ ಗುಮಾಸ್ತರಾದ ಆ ತಲೆಮಾರಿನವರಲ್ಲಿ ಅವರೂ ಒಬ್ಬರು. ಇಂಗ್ಲಿಷ್ ಓದಲು ಕಲಿತದ್ದೇ ನಾನಾವತಿ ಕೇಸಿನಿಂದ ಎನ್ನುತ್ತಿದ್ದರು. ಬ್ಲಿಟ್ಜ್ ವಾರಪತ್ರಿಕೆಯ ಒಂದು ಪ್ರತಿಯನ್ನು ಹೋಟೆಲಿನ ಏಳೆಂಟು ಹುಡುಗರು ಸರದಿಯಲ್ಲಿ ಓದುತ್ತಿದ್ದರಂತೆ. ರಜೆಯಲ್ಲಿ ಊರಿಗೆ ಬಂದಾಗ ಜಗಲಿಯಲ್ಲಿ ಕುಳಿತು ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತಿದ್ದರು.

ಕವಾಸ್ ಮಾಣೆಕ್‌ಷಾ ನಾನಾವತಿ ನೌಕಾಪಡೆಯ ಕಮಾಂಡರ್. ನಮ್ಮ ನಾಡಿನ ಹೆಸರು ಹೊತ್ತ ಐಎನ್‌ಎಸ್ ಮೈಸೂರ್ ಹಡಗಿನಲ್ಲಿ ಎರಡನೆಯ ಅಧಿಕಾರಿ. ಹೆಂಡತಿ ಸಿಲ್ವಿಯಾ ಇಂಗ್ಲೆಂಡಿನವಳು. 1959ರ ಏಪ್ರಿಲ್ 27ರಂದು, ತನಗೆ ಪ್ರೇಮ್ ಅಹುಜಾ ಎಂಬ ಗೆಳೆಯನ ಜೊತೆ ಸಂಬಂಧವಿದೆ ಎಂದು ಆಕೆ ಒಪ್ಪಿಕೊಂಡಳು. ನಾನಾವತಿ ಹೆಂಡತಿ ಮಕ್ಕಳನ್ನು ಮೆಟ್ರೋ ಸಿನಿಮಾಕ್ಕೆ ಬಿಟ್ಟ. ಹಡಗಿಗೆ ಹೋಗಿ ರಿವಾಲ್ವರ್ ಮತ್ತು ಆರು ಗುಂಡು ಪಡೆದ. ಅಹುಜಾನ ಕಚೇರಿಗೆ ಹೋದ. ಅಲ್ಲಿ ಅವನಿಲ್ಲವೆಂದು ತಿಳಿದು ಮನೆಗೆ ಹೋದ. ಆಗಷ್ಟೇ ಸ್ನಾನ ಮುಗಿಸಿ ಟವೆಲ್ ಸುತ್ತಿಕೊಂಡಿದ್ದ ಅಹುಜಾ ಮಲಗುವ ಕೋಣೆಯಲ್ಲಿ ಗುಂಡೇಟಿಗೆ ಸತ್ತ. ನಾನಾವತಿ ತಾನೇ ಹೋಗಿ ಪೊಲೀಸರಿಗೆ ಶರಣಾದ.

ಕೈಕೈ ಮಿಲಾಯಿಸುವಾಗ ಗುಂಡು ಆಕಸ್ಮಿಕವಾಗಿ ಹಾರಿತು ಎನ್ನುವುದು ಅವನ ವಾದ. ಹೊಡೆದಾಟ ಆಗಿದ್ದರೆ ಟವೆಲ್ ಮೈಮೇಲೆ ಹಾಗೇ ಉಳಿಯುತ್ತಿತ್ತೇ ಎನ್ನುವುದು ಸರಕಾರದ ಪ್ರಶ್ನೆ. ಒಂಬತ್ತು ಮಂದಿಯ ಜ್ಯೂರಿ 8-1ರಿಂದ 'ನಿರ್ದೋಷಿ' ಎಂದಿತು. ಹೊರಗೆ ಜನ ಕುಣಿದರು. ಬ್ಲಿಟ್ಜ್ ಮೊದಲಿನಿಂದಲೂ ನಾನಾವತಿಯ ಪರವಾಗಿತ್ತು. ಬಿಳಿ ಸಮವಸ್ತ್ರದ, ಎದೆಯ ಮೇಲೆ ಪದಕಗಳಿದ್ದ ಅಧಿಕಾರಿ ಒಂದು ಕಡೆ, ಅನ್ಯರ ಹೆಂಡತಿಯ ಸಂಗ ಮಾಡಿದ ಶ್ರೀಮಂತ ವ್ಯಾಪಾರಿ ಇನ್ನೊಂದು ಕಡೆ. ಊರು ಆಗಲೇ ತೀರ್ಪು ಕೊಟ್ಟಾಗಿತ್ತು.

ಕತೆ ಇಲ್ಲಿಗೆ ಬರುವಾಗ ದೊಡ್ಡಪ್ಪನ ಮುಖ ಅರಳುತ್ತಿತ್ತು. ಅದೇ ಹೊತ್ತಿಗೆ ಅಡುಗೆಮನೆಯಿಂದ ದೊಡ್ಡಮ್ಮನ ದನಿ ಕೇಳುತ್ತಿತ್ತು: "ಸತ್ತವನಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲವಾ?" ದೊಡ್ಡಪ್ಪ "ನಿನಗೆ ಅದೆಲ್ಲ ಗೊತ್ತಾಗುವುದಿಲ್ಲ" ಎಂದು ಮುಂದುವರಿಸುತ್ತಿದ್ದರು. ನಾವು ಮಕ್ಕಳೂ ದೊಡ್ಡಪ್ಪನ ಪಕ್ಷವೇ.

ಸತ್ತವನಿಗೆ ಒಬ್ಬ ಸೋದರಿ ಇದ್ದರು, ಮಾಮಿ ಅಹುಜಾ. ವಿಚಾರಣೆಯ ಉದ್ದಕ್ಕೂ ಅವರ ಪರವಾಗಿ ರಾಮ್ ಜೇಠ್ಮಲಾನಿ ಎಂಬ ಯುವ ವಕೀಲರು ಕಣ್ಣಿಟ್ಟು ಕುಳಿತಿದ್ದರು.

ಲಂಡನ್ನಿನಲ್ಲಾಗಿದ್ದರೆ ಆ 8-1ಕ್ಕೆ ಕತೆ ಮುಗಿಯುತ್ತಿತ್ತು. ಮೇಲೆ ಹೇಳಿದ ಮೂರನೆಯ ನಿಯಮ ನಮ್ಮಲ್ಲಿ ಇರಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೇ ಕಲಮಿನ ಪ್ರಕಾರ, ಜ್ಯೂರಿಯ ತೀರ್ಮಾನವನ್ನು ಒಪ್ಪದ ಸೆಷನ್ಸ್ ನ್ಯಾಯಾಧೀಶರು, ನ್ಯಾಯದ ದೃಷ್ಟಿಯಿಂದ ಅಗತ್ಯವೆನಿಸಿದರೆ, ಪ್ರಕರಣವನ್ನು ಹೈಕೋರ್ಟಿಗೆ ಕಳಿಸಬಹುದಿತ್ತು. ನ್ಯಾಯಾಧೀಶ ಆರ್. ಬಿ. ಮೆಹ್ತಾ ಅದನ್ನೇ ಮಾಡಿದರು. 1960ರ ಮಾರ್ಚಿನಲ್ಲಿ ಬಾಂಬೆ ಹೈಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟಿತು. 1961ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಹೆಂಡತಿಯ ಮಾತು ಕೇಳಿದ್ದಕ್ಕೂ ಗುಂಡು ಹಾರಿದ್ದಕ್ಕೂ ನಡುವೆ ಸುಮಾರು ಮೂರು ಗಂಟೆ ಕಳೆದಿತ್ತು, ಸಿನಿಮಾ ಟಿಕೆಟ್ಟು, ಮಕ್ಕಳ ಯೋಗಕ್ಷೇಮ ಎಲ್ಲ ನೋಡಿಕೊಳ್ಳುವಷ್ಟು ಅವನು ಸ್ತಿಮಿತದಲ್ಲಿದ್ದ, ಇದು ಥಟ್ಟನೆ ಕೆರಳಿ ಮಾಡಿದ್ದಲ್ಲ ಎಂಬುದು ಅಲ್ಲಿಯ ತರ್ಕ.

ನಾನಾವತಿ ಜ್ಯೂರಿ ಕಾನೂನನ್ನು ಬೇಕೆಂದೇ ಬದಿಗಿಟ್ಟಿತೇ, ಅಥವಾ ಆಕಸ್ಮಿಕ ಎಂಬ ವಾದವನ್ನು ನಿಜವಾಗಿ ನಂಬಿತೇ? ಹೇಳಲು ಬರುವುದಿಲ್ಲ. ನ್ಯಾಯಾಧೀಶರು ಜ್ಯೂರಿಗೆ ಕಾನೂನು ವಿವರಿಸಿದ ಬಗೆಯಲ್ಲೇ ತಪ್ಪುಗಳಿದ್ದವು ಎಂದು ಹೈಕೋರ್ಟು ಹೇಳಿತು. ಜ್ಯೂರಿ ಕಾರಣ ಹೇಳದ ಕಾರಣ, ಕಾನೂನನ್ನು ಧಿಕ್ಕರಿಸಿದ ಜ್ಯೂರಿಗೂ ಕಾನೂನು ಅರ್ಥವಾಗದ ಜ್ಯೂರಿಗೂ ಹೊರಗಿನಿಂದ ನೋಡುವವರಿಗೆ ವ್ಯತ್ಯಾಸವೇ ಕಾಣುವುದಿಲ್ಲ.

ಈ ಕೇಸಿನಿಂದಲೇ ಭಾರತದಲ್ಲಿ ಜ್ಯೂರಿ ಹೋಯಿತು ಎಂದು ನಾವೆಲ್ಲ ನಂಬಿದ್ದೇವೆ. ಅದು ಅರ್ಧ ಸತ್ಯವೂ ಅಲ್ಲ. ಜ್ಯೂರಿ ಪದ್ಧತಿಯನ್ನು ಕೈಬಿಡಬೇಕೆಂದು ಕಾನೂನು ಆಯೋಗ ತನ್ನ 14ನೆಯ ವರದಿಯಲ್ಲಿ ಶಿಫಾರಸು ಮಾಡಿದ್ದು 1958ರಲ್ಲಿ, ಅಹುಜಾ ಸಾಯುವ ಹಿಂದಿನ ವರ್ಷ. ನಾನಾವತಿಯ ನಂತರವೂ ಕೆಲವು ಕಡೆ ಜ್ಯೂರಿ ವಿಚಾರಣೆ ನಡೆದಿದೆ. 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆ ಅದಕ್ಕೆ ಪೂರ್ತಿ ತೆರೆ ಎಳೆಯಿತು. ಇವತ್ತಿಗೂ ಜ್ಯೂರಿಯ ನೆರಳು ಉಳಿದಿರುವುದು ಪಾರ್ಸಿ ವಿವಾಹ ನ್ಯಾಯಾಲಯದಲ್ಲಿ. ಅಲ್ಲಿ ನ್ಯಾಯಾಧೀಶರ ಜೊತೆ ಐವರು ಪಾರ್ಸಿ ಪ್ರತಿನಿಧಿಗಳು ಕೂತು ವಿಚ್ಛೇದನದಂಥ ವ್ಯಾಜ್ಯಗಳ ಸತ್ಯಾಸತ್ಯ ನೋಡುತ್ತಾರೆ.

ಇದೇ ಊರಿನಲ್ಲಿ ಇದಕ್ಕೆ ವಿರುದ್ಧವಾದ ಕತೆಯೂ ಇದೆ. 1908ರಲ್ಲಿ 'ಕೇಸರಿ'ಯ ಬರಹಗಳಿಗಾಗಿ ಲೋಕಮಾನ್ಯ ತಿಲಕರ ಮೇಲೆ ರಾಜದ್ರೋಹದ ಕೇಸು ನಡೆದಾಗ ಜ್ಯೂರಿಯಲ್ಲಿದ್ದವರು ಏಳು ಮಂದಿ ಐರೋಪ್ಯರು, ಇಬ್ಬರು ಪಾರ್ಸಿಗಳು. ಬರಹ ಮರಾಠಿಯದು. ತೀರ್ಮಾನ 7-2ರಿಂದ 'ದೋಷಿ'. ನ್ಯಾಯಮೂರ್ತಿ ದಾವರ್ ಆರು ವರ್ಷದ ಶಿಕ್ಷೆ ಕೊಟ್ಟು ಮಂಡಾಲೆಗೆ ಕಳಿಸಿದರು. 1897ರಲ್ಲಿ ತಿಲಕರಿಗೆ ಜಾಮೀನು ಕೊಡಿಸಿದ್ದ ವಕೀಲರು ಇದೇ ದಾವರ್. ವರ್ಷಕ್ಕೊಂದು ದಿನದಂತೆ ಆರು ದಿನ ಗಿರಣಿ ಕಾರ್ಮಿಕರು ಮುಷ್ಕರ ಮಾಡಿದರು. ಇಂಥ ಕೇಸಿನಲ್ಲಿ ಕಾನೂನನ್ನು ಬದಿಗಿಟ್ಟು ಬಿಟ್ಟಿದ್ದರೆ ನಾವು ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಆ ದಯೆ ತೋರುವ ಕುರ್ಚಿಯಲ್ಲಿ ಕೂತವರು ತಿಲಕರ ಜನ ಆಗಿರಲಿಲ್ಲ.

ಇದನ್ನೆಲ್ಲ ಹೆಂಡತಿಯ ಮುಂದೆ ಉತ್ಸಾಹದಿಂದ ಹೇಳುತ್ತಿದ್ದೆ. ಅವಳು ಪಲ್ಯಕ್ಕೆ ತೊಂಡೆಕಾಯಿ ಹೆಚ್ಚುತ್ತಿದ್ದವಳು ತಲೆ ಎತ್ತದೆ, "ಅಷ್ಟು ದೂರ ಯಾಕೆ ಹೋಗುತ್ತೀರಿ? ವಾಚ್‌ಮನ್ ವಿಷಯ ಮರೆತಿರಾ?" ಎಂದಳು.

ಮರೆತಿರಲಿಲ್ಲ. ಮರೆಯಲು ಪ್ರಯತ್ನಿಸಿದ್ದೆ. ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ನಾನಾಗ ನಮ್ಮ ಹೌಸಿಂಗ್ ಸೊಸೈಟಿಯ ಕಮಿಟಿಯಲ್ಲಿದ್ದೆ. ಕಟ್ಟಡದ ರಿಪೇರಿ ನಡೆಯುತ್ತಿತ್ತು. ತೆಗೆದಿಟ್ಟ ಹಳೆಯ ತಾಮ್ರದ ವಯರು, ಹಿತ್ತಾಳೆ ನಲ್ಲಿಗಳು ಮೀಟರ್ ರೂಮಿನಿಂದ ಕಾಣೆಯಾದವು. ರಾತ್ರಿ ಪಾಳಿಯ ವಾಚ್‌ಮನ್ ಗೋಣಿ ಹೊತ್ತು ಭಂಗಾರದವನ ಗಾಡಿಗೆ ಹಾಕುವುದು ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಕಳವು ಮಾಡಿದವರನ್ನು ಕೂಡಲೇ ಕೆಲಸದಿಂದ ತೆಗೆಯಬೇಕು, ದೂರು ಕೊಡಬೇಕು ಎಂದು ನಮ್ಮದೇ ಠರಾವು ಇತ್ತು.

ಅವನು ಕುಂದಾಪುರದ ಕಡೆಯವನು. ಕಮಿಟಿಯ ಏಳು ಮಂದಿಯ ಮುಂದೆ ಕೈಕಟ್ಟಿ ನಿಂತು ಉಳಿದವರಿಗೆ ಹಿಂದಿಯಲ್ಲಿ ತಪ್ಪಾಯಿತು ಎಂದ. ನನ್ನ ಕಡೆ ತಿರುಗಿ ಕುಂದಾಪುರದ ಕನ್ನಡದಲ್ಲಿ ಮಗಳ ಶಾಲೆಯ ಫೀಸಿನ ವಿಷಯ ಹೇಳಿದ. ಆ ಭಾಷೆ ಕೇಳಿದ್ದೇ ನನ್ನ ಕರುಳು ಕರಗಿತು. ನಾನು ವಕೀಲನಾದೆ. ಸಂಬಳ ಎಷ್ಟು ಕೊಡುತ್ತೇವೆ, ಹನ್ನೆರಡು ಗಂಟೆ ದುಡಿಸುತ್ತೇವೆ, ಹಳೆಯ ನಲ್ಲಿಗೆ ಬೆಲೆ ಎಷ್ಟು ಎಂದೆಲ್ಲ ವಾದಿಸಿದೆ. 5-2ರಿಂದ ಗೆದ್ದೆ. ಎಚ್ಚರಿಕೆ ಕೊಟ್ಟು ಬಿಟ್ಟೆವು. ಆ ರಾತ್ರಿ ಒಳ್ಳೆಯ ಕೆಲಸ ಮಾಡಿದೆನೆಂದು ಸುಖವಾಗಿ ನಿದ್ದೆ ಮಾಡಿದೆ.

ಮರುದಿನ ಲಿಫ್ಟಿನಲ್ಲಿ ಸಿಕ್ಕಿದ ನಮ್ಮ ಸೆಕ್ರೆಟರಿ, ಮರಾಠಿಯವರು, ಮೆಲ್ಲಗೆ ಹೇಳಿದರು. ನಾನು ವಿರುದ್ಧವಾಗಿ ಮತ ಹಾಕಿದ್ದು ಅವನ ಮೇಲಿನ ಸಿಟ್ಟಿನಿಂದ ಅಲ್ಲ. ಎರಡು ವರ್ಷದ ಹಿಂದೆ ಗೋರಖಪುರದ ಕಡೆಯ ಹುಡುಗನೊಬ್ಬ ಇದ್ದನಲ್ಲ, ಪೆಯಿಂಟಿನ ಎರಡು ಡಬ್ಬಿ ಮಾರಿದ್ದಕ್ಕೆ ಸಂಜೆಯೊಳಗೆ ಹೊರಗೆ ಹಾಕಿದೆವು. ಅವನಿಗೂ ಊರಿನಲ್ಲಿ ಯಾರಾದರೂ ಇದ್ದಿರಬೇಕು. ನಾವು ಕೇಳಲಿಲ್ಲ. ಆ ಕಾಗದದ ಮೇಲೆ ನಿಮ್ಮ ಸಹಿಯೂ ಇದೆ.

ಆಫೀಸಿಗೆ ಹೋಗಿ ಕಡತ ತೆಗೆಸಿ ನೋಡಿದೆ. ಸಹಿ ಇತ್ತು. ಹುಡುಗನ ಮುಖ ನೆನಪಿಗೆ ಬರಲಿಲ್ಲ. ಅವನು ಏನು ಹೇಳಿದ್ದ ಎಂಬುದೂ ನೆನಪಾಗಲಿಲ್ಲ, ಏಕೆಂದರೆ ಅವನನ್ನು ನಾವು ಕರೆದು ಮಾತಾಡಿಸಿಯೇ ಇರಲಿಲ್ಲ.

ಕುಂದಾಪುರದವನನ್ನು ಬಿಟ್ಟದ್ದು ತಪ್ಪೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಚುಚ್ಚುವುದು ಬೇರೆ. ನನ್ನ ಒಳಗಿನ ದಯೆ ಎಂದುಕೊಂಡದ್ದು ಅವನ ಭಾಷೆ ಕೇಳಿದ ಮೇಲೆ ಎಚ್ಚರವಾದದ್ದು. ಭಾಷೆ ಬೇರೆಯಿದ್ದ ಹುಡುಗನಿಗೆ ನಿಯಮ, ನಮ್ಮ ಭಾಷೆಯವನಿಗೆ ಮನಸ್ಸಾಕ್ಷಿ. ಪರಊರಿನಲ್ಲಿ ನಮ್ಮವರು ನಮ್ಮವರಿಗೆ ಆಗಬೇಕು ಎನ್ನುವುದನ್ನು ನಾವೆಲ್ಲ ಪುಣ್ಯದ ಕೆಲಸವೆಂದೇ ತಿಳಿದು ಬೆಳೆದವರು. ಕೆಲಸ ಕೊಡಿಸುವಾಗ, ರೂಮು ಹುಡುಕಿಕೊಡುವಾಗ ಅದು ಸರಿ. ತಪ್ಪು ಒಪ್ಪು ತೂಗುವಾಗ ಅದೇ ಗುಣ ತಕ್ಕಡಿಗೆ ಬೆರಳು ಹಚ್ಚುತ್ತದೆ. ಮಿಸಿಸಿಪಿಯ ಆ ಹನ್ನೆರಡು ಮಂದಿಯ ಪಾಪಕ್ಕೂ ನನ್ನ ತಪ್ಪಿಗೂ ಅಜಗಜಾಂತರ ಇದೆ. ಆದರೆ ಅವರೂ ನಮ್ಮವರು ನಮ್ಮವರಿಗೆ ಆಗಬೇಕು ಎಂದೇ ಯೋಚಿಸಿದ್ದರು.

ಹಾಗಾದರೆ ಜ್ಯೂರಿಯಲ್ಲಿ ಕೂತವನು ಕಣ್ಣು ಮುಚ್ಚಿ ಕಾನೂನನ್ನೇ ಹಿಡಿಯಬೇಕೇ? ಅದನ್ನೂ ಪೂರ್ತಿ ಒಪ್ಪಲು ನನಗೆ ಆಗುವುದಿಲ್ಲ. ಒಪ್ಪಿದರೆ 39 ಶಿಲ್ಲಿಂಗಿನವಳು ಗಲ್ಲಿಗೇರಬೇಕು.

ನ್ಯಾಯಾಲಯಗಳೂ ಇಲ್ಲಿ ತುಸು ಜಾಣತನದಿಂದಲೇ ನಡೆದುಕೊಂಡಿವೆ. ಅಮೆರಿಕದ ಸುಪ್ರೀಂ ಕೋರ್ಟು 1895ರ ಸ್ಪಾರ್ಫ್ ಪ್ರಕರಣದಲ್ಲಿ, ನ್ಯಾಯಾಧೀಶರು ಹೇಳಿದ ಕಾನೂನನ್ನು ಪಾಲಿಸುವುದೇ ಜ್ಯೂರಿಯ ಕರ್ತವ್ಯ ಎಂದಿತು. ಪಾಲಿಸದೆ ಬಿಟ್ಟುಬಿಟ್ಟರೆ ತಡೆಯುವ ದಾರಿ ಮಾತ್ರ ಇಲ್ಲ. ಶಕ್ತಿ ಇದೆ, ಆದರೆ ಅದನ್ನು ಜ್ಯೂರಿಗೆ ಯಾರೂ ಹೇಳಿಕೊಡುವುದಿಲ್ಲ. 2023ರಲ್ಲಿ ಲಂಡನ್ನಿನ ಒಂದು ಕೋರ್ಟಿನ ಹೊರಗೆ ಟ್ರೂಡಿ ವಾರ್ನರ್ ಎಂಬ ನಿವೃತ್ತ ಸಮಾಜ ಕಾರ್ಯಕರ್ತೆ, ಮನಸ್ಸಾಕ್ಷಿಯಂತೆ ಆರೋಪಿಯನ್ನು ಬಿಡುವ ಹಕ್ಕು ಜ್ಯೂರಿಗಿದೆ ಎಂದು ಬರೆದ ಫಲಕ ಹಿಡಿದು ನಿಂತರು. ಒಳಗೆ ಹವಾಮಾನ ಹೋರಾಟಗಾರರ ವಿಚಾರಣೆ ನಡೆದಿತ್ತು. ಅವರ ಮೇಲೆ ನ್ಯಾಯಾಂಗ ನಿಂದನೆಯ ಕ್ರಮಕ್ಕೆ ಸರಕಾರ ಅನುಮತಿ ಕೇಳಿತು. 2024ರ ಏಪ್ರಿಲಿನಲ್ಲಿ ಹೈಕೋರ್ಟು ನಿರಾಕರಿಸಿತು. ಓಲ್ಡ್ ಬೇಲಿಯ ಗೋಡೆಯ ಮೇಲೆ ಮೆರೆಯುವ ಮಾತನ್ನು ಬೀದಿಯಲ್ಲಿ ಹಿಡಿದರೆ ಅಪರಾಧವೆನ್ನುವುದು ಕಷ್ಟವೇ.

ನಾನು ನನ್ನಷ್ಟಕ್ಕೆ ಒಂದು ಗೆರೆ ಎಳೆದು ನೋಡಿದೆ. ಜ್ಯೂರಿ ತೋರುವ ದಯೆಯ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ? ಪೆನ್ ಬೀದಿಯಲ್ಲಿ ಮಾತಾಡಿದ್ದರಿಂದ ಯಾರ ಮನೆಯೂ ಹಾಳಾಗಿರಲಿಲ್ಲ. ಜೆಂಗರ್ ಅಚ್ಚುಹಾಕಿದ್ದರಿಂದ ಗವರ್ನರನಿಗೆ ಮುಜುಗರವಾಯಿತು, ಅಷ್ಟೆ. ಮಿಂಕಿನ್ಸ್ ತಪ್ಪಿಸಿಕೊಂಡದ್ದರಿಂದ ನಷ್ಟವಾದದ್ದು, ಮನುಷ್ಯನನ್ನು ಸೊತ್ತು ಎಂದುಕೊಂಡವನಿಗೆ. ಅಲ್ಲಿ ದೂರುದಾರ ಎಂದರೆ ಅಧಿಕಾರವೇ. ತನ್ನ ಅಧಿಕಾರದಿಂದ ತುಸು ಬಿಟ್ಟುಕೊಡು ಎಂದು ಜ್ಯೂರಿ ಸರಕಾರಕ್ಕೆ ಹೇಳಿದರೆ ಅದು ತಡೆದುಕೊಂಡೀತು. ಟಿಲ್ ಪ್ರಕರಣದಲ್ಲಿ, ನಾನಾವತಿ ಪ್ರಕರಣದಲ್ಲಿ ಒಂದು ಹೆಣವಿತ್ತು. ಅಲ್ಲಿ ಜ್ಯೂರಿ ತೋರಿದ ದಯೆ ತನ್ನ ಜೇಬಿನಿಂದ ಕೊಟ್ಟದ್ದಲ್ಲ. ಎಮೆಟ್‌ನ ತಾಯಿಯ, ಪ್ರೇಮ್‌ನ ಸೋದರಿಯ ಪಾಲಿನ ನ್ಯಾಯವನ್ನು ತೆಗೆದು ದಾನ ಮಾಡಿದ್ದು. ಅಡುಗೆಮನೆಯಿಂದ ದೊಡ್ಡಮ್ಮ ಕೇಳಿದ್ದು ಇದನ್ನೇ.

ಈ ಗೆರೆಯೂ ಎಲ್ಲ ಕಡೆ ನೇರವಾಗಿ ಬರುವುದಿಲ್ಲ. ಕುಡಿದು ಗಾಡಿ ಓಡಿಸಿದವನಿಂದ ಇವತ್ತು ಯಾರಿಗೂ ಪೆಟ್ಟಾಗದಿರಬಹುದು. ಅವನನ್ನು ಬಿಟ್ಟರೆ ಅದರ ಖರ್ಚು ನಾಳೆ ಯಾರೋ ಹೆಸರು ಗೊತ್ತಿಲ್ಲದವರದು. ಅದಕ್ಕೆ ಎರಡನೆಯ ಪ್ರಶ್ನೆಯೂ ಬೇಕು: ಈ ಆರೋಪಿಯ ಜಾಗದಲ್ಲಿ, ನನ್ನ ಭಾಷೆ ಆಡದ, ನನಗೆ ನೋಡಿದರೆ ಇಷ್ಟವಾಗದ ಒಬ್ಬ ಮನುಷ್ಯ ನಿಂತಿದ್ದರೂ ನಾನು ಹೀಗೇ ಹೇಳುತ್ತಿದ್ದೆನೇ? ಹೌದು ಎಂದಾದರೆ ಅದು ಮನಸ್ಸಾಕ್ಷಿ ಇರಬಹುದು. ಅಲ್ಲ ಎಂದಾದರೆ ಅದು ಬರೀ ನೆಂಟಸ್ತಿಕೆ.

ನಾನಾವತಿಗೆ ಕೊನೆಗೆ ದಯೆ ಸಿಕ್ಕಿತು. 1964ರಲ್ಲಿ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದ ವಿಜಯಲಕ್ಷ್ಮಿ ಪಂಡಿತರು ಕ್ಷಮಾದಾನ ಕೊಟ್ಟರು. ಅದಕ್ಕೆ ಮೊದಲು ಮಾಮಿ ಅಹುಜಾ ಅವರ ಒಪ್ಪಿಗೆ ಪಡೆಯಲಾಗಿತ್ತೆಂದು ಆ ಪ್ರಕರಣದ ಬಗ್ಗೆ ಬರೆದವರು ಹೇಳುತ್ತಾರೆ. ಅದು ರಾಜಕೀಯದ ಲೆಕ್ಕಾಚಾರದಿಂದ ನಡೆದದ್ದೂ ಹೌದು. ಆದರೂ ಅಪರಾಧ ಆಗಿದೆ ಎಂದು ಮೊದಲು ಒಪ್ಪಿ, ಸತ್ತವನ ಕಡೆಯವರನ್ನು ಒಂದು ಮಾತು ಕೇಳಿ, ಆಮೇಲೆ ಕ್ಷಮಿಸುವುದಕ್ಕೂ ಅಪರಾಧವೇ ಆಗಿಲ್ಲ ಎನ್ನುವುದಕ್ಕೂ ವ್ಯತ್ಯಾಸವಿದೆ.

ಅಳಿಯನ ಎರಡು ವಾರ ಶುರುವಾಗುವ ಮುನ್ನ ಮತ್ತೆ ಫೋನು ಮಾಡಿದೆ. "ಅವತ್ತು ನಾನು ಹೇಳಿದ್ದು ಪೂರ್ತಿ ಸರಿಯಲ್ಲ" ಎಂದೆ. ವಾಚ್‌ಮನ್ ಕತೆಯನ್ನು, ನನ್ನ ಸಹಿಯ ಸಮೇತ, ಹೇಳಿದೆ. ಎರಡು ಪ್ರಶ್ನೆಗಳನ್ನೂ ಹೇಳಿದೆ. ಅವನು ಸುಮ್ಮನೆ ಕೇಳಿಸಿಕೊಂಡ. "ಅಲ್ಲಿ ನನ್ನ ಹೆಸರು ಉಚ್ಚರಿಸಲಿಕ್ಕೆ ಬರದವರು ಹನ್ನೊಂದು ಜನ ಇರುತ್ತಾರೆ ಮಾವ. ನಾನು ಯಾರಿಗೂ ನೆಂಟ ಅಲ್ಲ, ಅದೇ ಒಳ್ಳೆಯದು" ಎಂದ.

ಕೋರ್ಟಿನ ಕೆಲಸ ಮುಗಿದು ಈಗ ಕೆಲವು ವಾರಗಳಾದವು. ಜ್ಯೂರಿ ಕೋಣೆಯೊಳಗೆ ಯಾರು ಏನು ಹೇಳಿದರು ಎಂದು ಹೊರಗೆ ಹೇಳುವುದು ಅಲ್ಲಿ ಅಪರಾಧ, ಜೀವನಪರ್ಯಂತ. ನಾನು ಕೇಳಲಿಲ್ಲ. ಅವನಾಗಿ ಹೇಳಿದ್ದು ಇಷ್ಟೇ: ಕೊನೆಯ ಎರಡು ರಾತ್ರಿ ನಿದ್ದೆ ಬರಲಿಲ್ಲ, ತೀರ್ಮಾನ ಓದುವಾಗ ಆರೋಪಿಯ ಮುಖ ನೋಡಲಾಗಲಿಲ್ಲ, ಅದರ ಬದಲು ಹಿಂದಿನ ಬೆಂಚಿನಲ್ಲಿ ದಿನವೂ ಬಂದು ಕೂರುತ್ತಿದ್ದ ಒಬ್ಬ ಮುದುಕಿಯ ಕಡೆ ನೋಡಿದೆ. ಆ ಮುದುಕಿ ಯಾರ ಕಡೆಯವರೆಂದು ಅವನು ಹೇಳಲಿಲ್ಲ.

ಅಕ್ಕ ಮಾತ್ರ ಪ್ರತಿ ಭಾನುವಾರ ಬಿಡದೆ ಕೇಳುತ್ತಾಳೆ. "ಏನಂತೆ, ಬಿಟ್ಟರಂತಾ, ಒಳಗೆ ಹಾಕಿದರಂತಾ?" ಗೊತ್ತಿಲ್ಲ ಎಂದರೆ ನಂಬುವುದಿಲ್ಲ.